ಕಾರು ಕಾಯುವವಳು

ನಮ್ಮ ಇದಾಲಿನಾ ಅರ್ಧ ಯೂರೋಪು ನೋಡಿದವಳು ಎಂದು ಊರಿನ ಹೆಂಗಸರು ಹೇಳಿಕೊಳ್ಳುತ್ತಾರೆ. ಕೇಳಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಅವಳು ನೋಡಿರುವುದು ಪೆಟ್ರೋಲ್ ಬಂಕುಗಳನ್ನು. ಲಕ್ಸೆಂಬರ್ಗಿನಿಂದ ಹೊರಟು, ಇಡೀ ಫ್ರಾನ್ಸ್ ದಾಟಿ, ಸ್ಪೇನಿನ ಬಯಲು ದಾಟಿ, ಪೋರ್ಚುಗಲ್ಲಿನ ನಮ್ಮ ಬೆಟ್ಟದ ಹಳ್ಳಿ ತಲುಪುವವರೆಗೆ ಯಾವ ಬಂಕಿನ ಕಕ್ಕಸಿನಲ್ಲಿ ಚಿಲಕ ಕೆಟ್ಟಿದೆ, ಯಾವುದರಲ್ಲಿ ಬಿಸಿನೀರು ಬರುತ್ತದೆ, ಯಾವುದರ ಮುಂದೆ ಸಾಲು ನಿಲ್ಲಬೇಕು, ಕೇಳಿ, ಕಣ್ಣು ಮುಚ್ಚಿಕೊಂಡು ಹೇಳುತ್ತಾಳೆ. ಅದೇ ದಾರಿಯಲ್ಲಿ ಯಾವ ಅರಮನೆ ಇದೆ, ಯಾವ ನದಿ ಹರಿಯುತ್ತದೆ ಎಂದು ಕೇಳಿದರೆ, ರಸ್ತೆಬದಿಯ ಕಂದು ಬಣ್ಣದ ಫಲಕಗಳಲ್ಲಿ ಚಿತ್ರ ಬರೆದಿರುತ್ತಾರಲ್ಲ, ಅಷ್ಟೇ ಗೊತ್ತು.

ನಾನು ಬೆಲ್ಮಿರಾ, ಅವಳ ಚಿಕ್ಕಪ್ಪನ ಮಗಳು. ಲಕ್ಸೆಂಬರ್ಗಿನ ಎಶ್ ಪಟ್ಟಣದಲ್ಲಿ ಅವಳ ಮನೆಯ ಮೇಲಿನ ಮಹಡಿಯಲ್ಲೇ ನನ್ನ ಮನೆ. ನನ್ನ ಗಂಡ ತೀರಿಕೊಂಡ ಮೇಲೆ ಅವರ ಕಾರಿನ ಹಿಂದಿನ ಸೀಟು ನನ್ನದಾಯಿತು. ಸೀಟು ಎನ್ನುವುದು ಮಾತಿಗೆ. ಒಂದು ಕಡೆ ಕಂಬಳಿಯ ಗಂಟು, ಇನ್ನೊಂದು ಕಡೆ ಸಾಬೂನಿನ ಪುಡಿಯ ಚೀಲ, ಕಾಲ ಕೆಳಗೆ ಇದಾಲಿನಾಳ ನಾದಿನಿಯ ಮಕ್ಕಳಿಗೆಂದು ಚಾಕೊಲೇಟು, ಇವುಗಳ ನಡುವೆ ಉಳಿದ ಜಾಗದಲ್ಲಿ ನಾನು. ಹೀಗೆ ಪ್ರತಿ ಆಗಸ್ಟಿನಲ್ಲೂ ಹೋಗುವುದು, ತಿಂಗಳ ಕೊನೆಗೆ ಎಣ್ಣೆ, ಆಲೂಗಡ್ಡೆ, ವೈನು ತುಂಬಿಕೊಂಡು ಹಾಗೇ ಬರುವುದು. ಪೋರ್ಚುಗಲ್ಲಿನಿಂದ ದುಡಿಯಲು ಬಂದು ಇಲ್ಲಿರುವ ನಮ್ಮವರೆಲ್ಲ ಮಾಡುವುದು ಅದನ್ನೇ. ಆಗಸ್ಟಿನ ಮೊದಲ ವಾರ ಎಶ್‌ನಲ್ಲಿ ಒಂದು ಗೋಡೆ ಕಟ್ಟಿಸಬೇಕೆಂದರೂ ಜನ ಸಿಗುವುದಿಲ್ಲ.

ಇದಾಲಿನಾಳ ಗಂಡ ಆರ್ಮಿಂದು. ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ. ಒಳ್ಳೆಯವನು, ಕುಡಿದು ಗಲಾಟೆ ಮಾಡಿದವನಲ್ಲ, ಕೈ ಎತ್ತಿದವನಲ್ಲ. ಆದರೆ ಕಾರಿನ ಸ್ಟಿಯರಿಂಗ್ ಕೈಗೆ ಬಂದರೆ ಬೇರೆಯೇ ಮನುಷ್ಯ. ಊರು ತಲುಪಿದ ದಿನ ಅಲ್ಲಿನ ಕಾಫಿ ಅಂಗಡಿಯಲ್ಲಿ ಗಂಡಸರು ಮೊದಲು ಕೇಳುವುದು, ಹೇಗಿದ್ದೀಯ ಎಂದಲ್ಲ, ಎಷ್ಟು ಹೊತ್ತಿನಲ್ಲಿ ಬಂದೆ ಎಂದು. ಸ್ವಿಟ್ಜರ್ಲೆಂಡಿನಿಂದ ಬಂದವನು ಒಂದು ಹೇಳುತ್ತಾನೆ, ಪ್ಯಾರಿಸ್ಸಿನಿಂದ ಬಂದವನು ಇನ್ನೊಂದು. ಕಡಿಮೆ ನಿಂತವನು ದೊಡ್ಡವನು. ಆರ್ಮಿಂದುವನ್ನು ಅಲ್ಲಿ ಯಾರೂ ಸೋಲಿಸಿದ್ದಿಲ್ಲ. ರಜೆ ಸಿಗುವುದೇ ಬೆರಳೆಣಿಕೆಯ ದಿನ, ದಾರಿಯಲ್ಲಿ ಕಳೆದ ಪ್ರತಿ ಗಳಿಗೆಯೂ ಊರಿನಿಂದ ಕದ್ದದ್ದು ಎನ್ನುವುದು ಅವನ ಲೆಕ್ಕ. ಆ ಲೆಕ್ಕವನ್ನು ತಪ್ಪು ಎನ್ನಲು ನನಗೂ ಬಾಯಿ ಬರುತ್ತಿರಲಿಲ್ಲ.

ಆದರೂ ಎಂಥವನೂ ಎಲ್ಲಾದರೂ ನಿಲ್ಲಲೇಬೇಕಲ್ಲ. ಕಾರಿಗೆ ಪೆಟ್ರೋಲು ಬೇಕು, ಮನುಷ್ಯರಿಗೆ ಕಕ್ಕಸು ಬೇಕು. ಆಗ ನಮ್ಮವರಲ್ಲಿ ಒಂದು ಕಟ್ಟುನಿಟ್ಟು: ಕಾರು ಒಂಟಿಯಾಗಿರಬಾರದು. ಮೇಲೆ ಟಾರ್ಪಾಲು ಬಿಗಿದು, ಹಿಂಭಾಗ ನೆಲಕ್ಕೆ ತಾಗುವಷ್ಟು ತುಂಬಿಸಿಕೊಂಡ ನಮ್ಮ ಕಾರು ಮೈಲಿ ದೂರದಿಂದಲೇ ಊರಿಗೆ ಹೊರಟ ಕಾರೆಂದು ಗೊತ್ತಾಗುತ್ತದೆ. ಒಂದು ವರ್ಷದ ದುಡಿಮೆ ಅದರಲ್ಲಿರುತ್ತದೆ. ಸ್ಪೇನಿನ ಯಾವುದೋ ಬಂಕಿನಲ್ಲಿ ಒಬ್ಬರ ಚಿನ್ನ ಹೋಯಿತಂತೆ, ಇನ್ನೆಲ್ಲೋ ಟಯರು ಕೊಯ್ದು, ಸಹಾಯಕ್ಕೆ ಬಂದವರಂತೆ ನಟಿಸಿ ಎಲ್ಲ ಗುಡಿಸಿಕೊಂಡು ಹೋದರಂತೆ. ಇಂಥ ಕಥೆ ಪ್ರತಿ ವರ್ಷವೂ ಒಂದು ಹೊಸದು ಹುಟ್ಟುತ್ತದೆ. ಹಾಗಾಗಿ ಎಲ್ಲರೂ ಇಳಿದರೂ ಒಬ್ಬರು ಕಾರಿನಲ್ಲೇ ಇರಬೇಕು.

ಆ ಒಬ್ಬರು ಇದಾಲಿನಾ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಮಗಳು ಸಾಂಡ್ರಾ ಹಸುಗೂಸಾಗಿದ್ದಾಗ ಮಡಿಲಲ್ಲಿ ನಿದ್ದೆ ಮಾಡುತ್ತಿದ್ದಳು, ಏಳಿಸುವುದೇಕೆ ಎಂದು ಇವಳು ಕೂತಳು. ಮಗಳು ಬೆಳೆದಳು, ಅಪ್ಪನ ಕೈ ಹಿಡಿದು ಐಸ್‌ಕ್ರೀಮಿಗೆ ಓಡಿದಳು, ಇವಳು ಕೂತೇ ಇದ್ದಳು. ಆಮೇಲೆ ಮಗಳು ಬರುವುದನ್ನೇ ಬಿಟ್ಟಳು, ನಾನು ಬಂದೆ. ಆರ್ಮಿಂದು ಕಾಫಿ ಕುಡಿದು, ಸಿಗರೇಟು ಸೇದಿ, ಮೈ ಮುರಿದು ಬರುವವರೆಗೂ ಇವಳು ಮುಂದಿನ ಸೀಟಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತಿದ್ದಳು. ಅವನು ಬಂದ ಮೇಲೆ ತಾನು ಕಕ್ಕಸಿಗೆ ಓಡಿ ಹೋಗಿ ಓಡಿ ಬರುವುದು. ನಾನು ಕಾಗದದ ಲೋಟದಲ್ಲಿ ತಂದುಕೊಟ್ಟ ಕಾಫಿ ಅಷ್ಟರಲ್ಲಿ ಆರಿ ತಣ್ಣಗಾಗಿರುತ್ತಿತ್ತು, ಅದನ್ನೇ ಕುಡಿಯುತ್ತಿದ್ದಳು. ಒಂದು ದಿನವೂ ಗೊಣಗಿದ್ದನ್ನು ಕೇಳಿಲ್ಲ. ಗೊಣಗಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ನಾವು ಕೊನೆಯ ಸಲ ಜೊತೆಯಾಗಿ ಹೋದ ವರ್ಷ ಆರ್ಮಿಂದುವಿಗೆ ಪಿಂಚಣಿ ಬಂತು. ಊರಲ್ಲಿ ಕಟ್ಟಿಸಿ ಬೀಗ ಹಾಕಿಟ್ಟ ಮನೆ ಇತ್ತು, ಹೋಗಿ ಇದ್ದುಬಿಡುವುದು ಎಂದಾಯಿತು. ಅಂದರೆ ಈ ಸಲ ಹೋಗುವುದು ಬರುವುದಕ್ಕಲ್ಲ. ಮಗಳು ಇಲ್ಲಿಯೇ ಇರುವವಳು, ಇನ್ನು ಮೇಲೆ ನೋಡಲು ಬರಬೇಕೆಂದರೆ ವಿಮಾನದಲ್ಲಿ. ಡಾಕ್ಟರು ಬೇರೆ, ಇಷ್ಟು ದೂರ ಗಾಡಿ ಓಡಿಸುವುದು ಇದೇ ಕೊನೆ ಎಂದು ಆರ್ಮಿಂದುವಿಗೆ ಖಡಾಖಂಡಿತವಾಗಿ ಹೇಳಿದ್ದರು.

ಇದನ್ನು ಕೇಳಿದ ಮೇಲೆ ಇದಾಲಿನಾಳಲ್ಲಿ ಏನೋ ಅಲುಗಾಡಿತು. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸ ಮಾಡುತ್ತಿದ್ದಳು. ರೋಗಿಗಳು ತಿರುವಿ ತಿರುವಿ ಮುದುರಿದ ಪ್ರವಾಸದ ಪತ್ರಿಕೆಗಳನ್ನು ಅಲ್ಲಿ ಎಸೆಯುತ್ತಿದ್ದರು. ಅವನ್ನು ಚೀಲದಲ್ಲಿ ತಂದು, ಅಡುಗೆಮನೆಯಲ್ಲಿ ಕೂತು, ನಮ್ಮ ದಾರಿಯಲ್ಲಿ ಬರುವ ಊರುಗಳ ಚಿತ್ರಗಳನ್ನು ಕತ್ತರಿಸಿಡುತ್ತಿದ್ದಳು. ಇಡೀ ವಸಂತ ಅದೇ ಕೆಲಸ. ದಿನವಿಡೀ ನೆಲ ಒರೆಸಿ ಬಂದವಳು ಕಾಲಿಗೆ ಬಿಸಿನೀರಿನ ಬಕೆಟ್ಟು ಇಟ್ಟುಕೊಂಡು ಕತ್ತರಿ ಹಿಡಿದು ಕೂರುವುದನ್ನು ನೋಡಿದರೆ ನನಗೆ ಸುಸ್ತಾಗುತ್ತಿತ್ತು.

"ನಿನಗೇನು ಹುಚ್ಚಾ? ಹೋಗಿ ಮಲ್ಕೋಬಾರದಾ?" ಎಂದೆ ಒಂದು ದಿನ.

"ಬೆಲ್ಮಿರಾ, ಈ ದಾರೀಲಿ ನಾನು ಎಷ್ಟು ಸಲ ಹೋಗಿದೀನಿ ಹೇಳು."

"ಯಾರಿಗೆ ಗೊತ್ತು. ಲೆಕ್ಕ ಇಟ್ಟವರು ಯಾರು."

"ಒಂದು ಸಲನೂ ಹೋಗಿಲ್ಲ ಕಣೆ. ನನ್ನ ಹಾದು ಹೋಗಿದ್ದು ಅಷ್ಟೇ ಅದು."

ಮೇ ತಿಂಗಳ ಒಂದು ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ಊಟಕ್ಕೆ ಕೂತಿದ್ದೆವು. ಒಣಮೀನಿನ ಬೋಂಡ, ಅನ್ನ, ಹಸಿರು ಎಲೆಯ ಸಾರು. ಊಟವಾದ ಮೇಲೆ ಇದಾಲಿನಾ ಮೇಜು ಒರೆಸಿದಳು. ಈ ತುದಿಗೆ ಉಪ್ಪಿನ ಡಬ್ಬಿ ಇಟ್ಟಳು, ಆ ತುದಿಗೆ ಉಳಿದ ಬ್ರೆಡ್ಡು.

"ಇದು ಎಶ್. ಅದು ಊರು," ಎಂದಳು. "ಎಣ್ಣೆ ಬಾಟ್ಲಿ ಸ್ಪೇನಿನ ಗಡಿ. ಈಗ ನೋಡು ಆರ್ಮಿಂದು, ನಾನು ನಿಲ್ಲಬೇಕು ಅಂದ್ಕೊಂಡಿರೋದು ಎಲ್ಲೆಲ್ಲಿ ಅಂತ."

ಬಟ್ಟಲಿನಿಂದ ಆಲಿವ್ ಕಾಯಿಗಳನ್ನು ತೆಗೆದು ಒಂದೊಂದಾಗಿ ಮೇಜಿನ ಮೇಲೆ ಇಟ್ಟಳು. ಮೊದಲನೆಯದು ಫ್ರಾನ್ಸಿನ ನಡುವೆ, ನದಿಯ ಮೇಲೆ ಸೇತುವೆಯಂತೆ ಕಟ್ಟಿದ ಒಂದು ಅರಮನೆ. ಎರಡನೆಯದು ಎಣ್ಣೆ ಬಾಟಲಿಗೆ ಅಂಟಿಕೊಂಡು, ಗಡಿಯ ಊರು ಆಂದಾಯ್, ಸಮುದ್ರ. ಮೂರನೆಯದು ಸ್ಪೇನಿನ ಬುರ್ಗೋಸ್, ಅಲ್ಲಿನ ದೊಡ್ಡ ಇಗರ್ಜಿ. ಪ್ರತಿ ಆಲಿವಿನ ಪಕ್ಕದಲ್ಲೂ ಕತ್ತರಿಸಿದ ಚಿತ್ರ.

ಆರ್ಮಿಂದು ಕನ್ನಡಕ ಹಾಕಿಕೊಂಡು ಅರಮನೆಯ ಚಿತ್ರ ನೋಡಿದ. ತುಂಬ ಹೊತ್ತು ನೋಡಿದ.

"ಚೆನ್ನಾಗಿದೆ. ರಾಜ ಇದಾನಾ ಒಳಗೆ?"

"ಯಾವ ಕಾಲದ ರಾಜ? ಯಾರೂ ಇಲ್ಲ."

"ಯಾರೂ ಇಲ್ಲದ ಮನೆಗೆ ಹೋಗಿ ಏನ್ಮಾಡ್ತೀಯ? ಊರಲ್ಲಿ ನಮ್ಮದೇ ಒಂದು ಇದೆಯಲ್ಲ ಯಾರೂ ಇಲ್ಲದ್ದು, ಅದನ್ನ ನೋಡು," ಎಂದು ಹೇಳಿ ಅರಮನೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡ. ಬೀಜವನ್ನು ಅಂಗೈಗೆ ಉಗಿದ.

ನನಗೆ ನಗು ತಡೆಯಲಾಗಲಿಲ್ಲ. ಇದಾಲಿನಾ ನಗಲಿಲ್ಲ.

"ಹೋಗ್ಲಿ ಬಿಡು. ಬುರ್ಗೋಸ್? ಪ್ರತಿ ವರ್ಷ ಅದರ ಪಕ್ಕದಲ್ಲೇ ಬಂಕಿನಲ್ಲಿ ನಿಲ್ತೀವಿ. ಗೋಪುರ ಕಾಣುತ್ತೆ, ನೀನೇ ತೋರಿಸಿದೀಯ."

"ಕಾಣುತ್ತಲ್ಲ ಮತ್ತೆ? ಕಂಡಮೇಲೆ ನೋಡಿದ ಹಾಗೇ ಆಯ್ತು. ಅಲ್ಲಿರೋ ದೇವರೇನು ಬೇರೆನಾ? ನಮ್ಮೂರ ಇಗರ್ಜೀಲೂ ಅವನೇ ಇರೋದು, ಅಲ್ಲಿ ಜನಸಂದಣಿನೂ ಕಡಿಮೆ." ಬುರ್ಗೋಸ್ ಇಗರ್ಜಿಯೂ ಬಾಯಿಗೆ ಹೋಯಿತು. "ಉಪ್ಪು ಜಾಸ್ತಿ ಆಗಿದೆ ಈ ಸಲದ್ದು. ಅಲ್ವಾ ಪ್ರೀಮಾ?"

ಹೆಂಡತಿಯ ಕಡೆಯ ತಂಗಿಯೆಂದು ಅವನು ನನ್ನನ್ನು ಕರೆಯುವುದು ಪ್ರೀಮಾ ಎಂದೇ. ಅವನ ಕೈ ಸಮುದ್ರದ ಮೇಲಕ್ಕೆ ಬಂತು. ಇದಾಲಿನಾ ಅವನ ಮಣಿಕಟ್ಟನ್ನು ಹಿಡಿದುಕೊಂಡಳು.

"ಅದನ್ನ ಮುಟ್ಬೇಡ," ಎಂದಳು.

"ಪೋರ್ಚುಗಲ್ಲಿಗೆ ಸಮುದ್ರ ಇಲ್ವಾ? ನಮ್ಮ ದೇಶದ ಒಂದು ಪಕ್ಕ ಪೂರ್ತಿ ಸಮುದ್ರನೇ. ಊರಿಗೆ ಹೋದ್ಮೇಲೆ ಆರಾಮಾಗಿ ಕರ್ಕೊಂಡು ಹೋಗ್ತೀನಿ."

"ನೀನು? ಊರಿಗೆ ಹೋದ ಮಾರನೇ ದಿನದಿಂದ ಬಾವಿ ಗೋಡೆ ಅಂತೀಯ. ಆಮೇಲೆ ದ್ರಾಕ್ಷಿ ಕೊಯ್ಲು, ಆಮೇಲೆ ಆಲಿವ್, ಆಮೇಲೆ ಹಂದಿ ಕೊಯ್ಯೋದು. ನನಗೆ ನಿನ್ನ ಗೊತ್ತಿಲ್ವಾ? ಬೆಟ್ಟ ಇಳಿದು ನೀನು ಎಲ್ಲಿಗೂ ಬರಲ್ಲ. ನನಗೆ ಈ ಸಮುದ್ರನೇ ಬೇಕು, ದಾರೀಲಿರೋದು."

ಅವಳು ಅದನ್ನೇ ಕೇಳುವುದಕ್ಕೆ ಕಾರಣವಿತ್ತು. ಅವಳು ಮೊದಲು ಊರು ಬಿಟ್ಟದ್ದು ಹದಿನೇಳನೆಯ ವಯಸ್ಸಿನಲ್ಲಿ, ಸೋದರಮಾವನ ಜೊತೆ, ರೈಲಿನಲ್ಲಿ. ನಮ್ಮ ಕಡೆಯಿಂದ ಬಂದವರೆಲ್ಲ ಆಂದಾಯ್ ನಿಲ್ದಾಣದಲ್ಲಿ ಇಳಿದು ಬೇರೆ ರೈಲು ಹತ್ತಬೇಕು. ಅಲ್ಲಿ ಅರ್ಧ ದಿನ ಕಾಯಬೇಕಾಯಿತಂತೆ. ಮಾವ ಇವಳನ್ನು ಪೆಟ್ಟಿಗೆಗಳ ಮೇಲೆ ಕೂರಿಸಿ, ಅಲ್ಲಾಡಬೇಡ ಎಂದು ಹೇಳಿ ವೈನಿನ ಅಂಗಡಿಗೆ ಹೋದ. ಗಾಳಿಯಲ್ಲಿ ಒಂದು ವಾಸನೆ ಬರುತ್ತಿತ್ತಂತೆ, ಅಂಗಡಿಯಲ್ಲಿ ನೇತುಹಾಕಿದ ಒಣಮೀನಿನದ್ದೋ ಎಂದರೆ ಅದಲ್ಲ. ಏನು ಎಂದು ಪಕ್ಕದಲ್ಲಿದ್ದ ಹೆಂಗಸನ್ನು ಕೇಳಿದಳು. ಸಮುದ್ರ, ಅಲ್ಲೇ ಇದೆ, ನಡೆದು ಹೋಗಬಹುದು ಎಂದಳಂತೆ ಅವಳು. ಇವಳು ಪೆಟ್ಟಿಗೆ ಬಿಟ್ಟು ಏಳಲಿಲ್ಲ. ಆಮೇಲೆ ಪ್ರತಿ ವರ್ಷ ಆ ಗಡಿಯ ಹತ್ತಿರ ಬಂದಾಗ ಎರಡು ಗುಡ್ಡಗಳ ನಡುವೆ ಕರವಸ್ತ್ರದಷ್ಟು ನೀಲಿ ಕಂಡು ಮರೆಯಾಗುತ್ತದೆ. ಅದು ಬರುವ ಮೊದಲೇ ಇದಾಲಿನಾ ಕಿಟಕಿಯ ಕಡೆ ತಿರುಗಿ ಕೂತಿರುತ್ತಿದ್ದಳು. ನಾನು ಹಿಂದಿನ ಸೀಟಿನಿಂದ ನೋಡಿದ್ದೇನೆ.

ಆರ್ಮಿಂದು ಕೈ ಹಿಂದಕ್ಕೆ ತೆಗೆದುಕೊಂಡ.

"ಎಷ್ಟೊತ್ತು ಬೇಕು?"

"ಕಾಲು ನೆನೆಸೋವಷ್ಟು."

"ಕಾಲು ನೆನೆಸೋಕೆ ಎಷ್ಟೊತ್ತು ಬೇಕು? ಸರಿ, ನಿಲ್ಲಿಸ್ತೀನಿ. ಆದ್ರೆ ಮರಳು ಮೆತ್ತಿದ ಕಾಲಲ್ಲಿ ಕಾರು ಹತ್ತೋ ಹಾಗಿಲ್ಲ."

ಇಷ್ಟಕ್ಕೆ ಇದಾಲಿನಾಳ ಮುಖ ಅರಳಿದ್ದು ನೋಡಿ ನನಗೇ ಕೆಟ್ಟೆನಿಸಿತು. ಮೂರು ಕೇಳಿ ಒಂದು ಪಡೆದವಳು ಗೆದ್ದವಳಂತೆ ಆ ಒಂದು ಆಲಿವನ್ನು ಎತ್ತಿ ಚಿಕ್ಕ ತಟ್ಟೆಯಲ್ಲಿಟ್ಟು ಒಳಗೆ ಕೊಂಡೊಯ್ದಳು.

ಆಮೇಲಿನ ಎರಡು ತಿಂಗಳು ಅವಳ ಬಾಯಲ್ಲಿ ಬೇರೆ ಮಾತಿಲ್ಲ. ಶನಿವಾರ ಹೊರಟರೆ ಇಡೀ ಫ್ರಾನ್ಸು ರಸ್ತೆಯಲ್ಲಿರುತ್ತದೆ, ಸೋಮವಾರ ಹೊರಡೋಣ. ಬೋರ್ದೋ ದಾಟುವಾಗ ಪೈನ್ ಕಾಡಿನಲ್ಲಿ ಊಟ ಮುಗಿಸಿದರೆ ಆಂದಾಯ್‌ನಲ್ಲಿ ಊಟಕ್ಕೆ ಹೊತ್ತು ಹೋಗುವುದಿಲ್ಲ. ಟವೆಲು ಮೇಲ್ಗಡೆ ಸಿಗುವ ಹಾಗೆ ಇಡಬೇಕು, ಇಲ್ಲದಿದ್ದರೆ ಅದನ್ನು ಹುಡುಕುವುದರಲ್ಲೇ ಅವನಿಗೆ ಸಿಟ್ಟು ಬರುತ್ತದೆ. ಮಗಳು ಸಾಂಡ್ರಾ ಒಂದು ಸಂಜೆ ಬಂದವಳು ಇದನ್ನೆಲ್ಲ ಕೇಳಿ ತಲೆ ಚಚ್ಚಿಕೊಂಡಳು.

"ಅಮ್ಮ, ಸಾಮಾನು ಯಾವುದಾದ್ರೂ ವ್ಯಾನಲ್ಲಿ ಕಳಿಸ್ಬಿಡಿ. ನೀವು ವಿಮಾನದಲ್ಲಿ ಹೋಗಿ. ಆಮೇಲೆ ಸಮುದ್ರದ ಹತ್ತಿರ ಒಂದು ವಾರ ರೂಮ್ ಮಾಡಿಕೊಡ್ತೀನಿ, ಕಾಲೊಂದೇ ಅಲ್ಲ, ಪೂರ್ತಿ ನೆನೆಸ್ಕೊಳ್ಳಿ."

"ನನ್ನ ಸಾಮಾನು ಬೇರೆಯವನ ಗಾಡೀಲಾ?" ಎಂದ ಆರ್ಮಿಂದು.

"ಒಂದು ವಾರ ಯಾರಿಗೆ ಬೇಕು," ಎಂದಳು ಇದಾಲಿನಾ.

ಇಬ್ಬರೂ ಒಂದೇ ಉಸಿರಿಗೆ ಹೇಳಿದರು. ಸಾಂಡ್ರಾ ನನ್ನ ಮುಖ ನೋಡಿದಳು. ನಾನು ಕೈ ಚೆಲ್ಲಿದೆ.

ಆಗಸ್ಟಿನ ಆ ಸೋಮವಾರ ಬೆಳಕು ಹರಿಯುವ ಮೊದಲೇ ಹೊರಟೆವು. ಈ ಸಲ ಹಿಂದೆ ಬಾಡಿಗೆಯ ಟ್ರೇಲರೂ ಇತ್ತು. ಹೊಲಿಗೆ ಯಂತ್ರ, ಮಂಚದ ಹಲಗೆಗಳು, ಆರ್ಮಿಂದುವಿನ ಸೆಂಟ್ರಿಂಗ್ ಸಲಕರಣೆ, ಇದಾಲಿನಾಳ ಪಿಂಗಾಣಿ, ಒಂದು ಮದುವೆಯ ಆಯುಷ್ಯವೆಲ್ಲ ನೀಲಿ ಟಾರ್ಪಾಲಿನ ಕೆಳಗೆ. ಸಾಂಡ್ರಾ ಬೀದಿಯಲ್ಲಿ ನಿಂತು ಅತ್ತಳು. ಇದಾಲಿನಾ ಅಳಲಿಲ್ಲ, ಟಾರ್ಪಾಲಿನ ಹಗ್ಗ ಸರಿಯಾಗಿ ಬಿಗಿದಿದೆಯೋ ಎಂದು ಇನ್ನೊಮ್ಮೆ ಎಳೆದು ನೋಡಿದಳು.

ಪ್ಯಾರಿಸ್ಸಿನ ಸುತ್ತುರಸ್ತೆಯಲ್ಲಿ ಸಿಕ್ಕಿಹಾಕಿಕೊಂಡೆವು. ಆರ್ಮಿಂದು ಬೈದ, ಬೆವರಿದ, ಮತ್ತೆ ಬೈದ. ಹಿಂದಿನಂತೆ ಓಡಿಸಲು ಅವನಿಗೆ ಆಗುತ್ತಿರಲಿಲ್ಲ, ಬಾಯಲ್ಲಿ ಹೇಳುತ್ತಿರಲಿಲ್ಲ ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಆ ಅರಮನೆಯ ಕಂದು ಫಲಕ ಬಂತು, ಹೋಯಿತು. ಆ ದಿನ ಬೋರ್ದೋ ಮುಟ್ಟಲಾಗಲಿಲ್ಲ, ಅದಕ್ಕೂ ಹಿಂದೆ ಒಂದು ಬಂಕಿನಲ್ಲಿ ಕಾರಿನೊಳಗೇ ಮಲಗಿದೆವು. ನಾನು ಎಚ್ಚರವಾದಾಗಲೆಲ್ಲ ನೋಡಿದರೆ ಇದಾಲಿನಾ ನೆಟ್ಟಗೆ ಕೂತು ಪಕ್ಕದ ಕನ್ನಡಿಯಲ್ಲಿ ಟ್ರೇಲರನ್ನು ನೋಡುತ್ತಿದ್ದಳು.

ಮಾರನೆಯ ದಿನ ಮಧ್ಯಾಹ್ನ ಆಂದಾಯ್. ಹೆದ್ದಾರಿಯಿಂದ ಇಳಿಯುವ ಕಡೆ ಆರ್ಮಿಂದು ಒಂದು ಕ್ಷಣ ವೇಗ ತಗ್ಗಿಸಲಿಲ್ಲ, ನಾನು ಹಿಂದಿನಿಂದ ಅವನ ಕತ್ತನ್ನೇ ನೋಡುತ್ತಿದ್ದೆ. ಆಮೇಲೆ ಇಳಿಸಿದ. ಊರೊಳಗೆ ಹೋದರೆ ಜನವೋ ಜನ. ಅರೆಬಟ್ಟೆಯಲ್ಲಿ, ಛತ್ರಿ ಹಿಡಿದುಕೊಂಡು, ಗಾಳಿ ತುಂಬಿದ ಬಣ್ಣದ ಹಾಸಿಗೆ ಹೊತ್ತುಕೊಂಡು, ಕೆಂಪಗೆ ಸುಟ್ಟುಕೊಂಡ ಜನ. ಸಮುದ್ರದ ಪಕ್ಕದ ಉದ್ದ ಬೀದಿಯಲ್ಲಿ ಒಂದು ಸೈಕಲ್ ನಿಲ್ಲಿಸಲೂ ಜಾಗವಿಲ್ಲ. ಟ್ರೇಲರ್ ಎಳೆದುಕೊಂಡು ಒಂದು ಸುತ್ತು ಹೋದೆವು. ಇನ್ನೊಂದು ಸುತ್ತು ಹೋದೆವು. ಹಿಂದಿನವರು ಹಾರನ್ ಹೊಡೆದರು.

"ಜಾಗ ಇಲ್ಲ ಕಣೆ. ನಾನೇನ್ಮಾಡ್ಲಿ? ಕಂಡ್ಯಲ್ಲ, ಅಲ್ಲೇ ಇದೆ ಸಮುದ್ರ. ನೋಡ್ಕೋ, ನಿಧಾನಕ್ಕೆ ಓಡಿಸ್ತೀನಿ."

ಇದಾಲಿನಾ ಚಲಿಸುತ್ತಿದ್ದ ಕಾರಿನ ಬಾಗಿಲನ್ನು ತೆರೆದಳು. ಆರ್ಮಿಂದು ಬೆಚ್ಚಿ ಬ್ರೇಕ್ ಒತ್ತಿದ. ಟ್ರೇಲರಿನಲ್ಲಿ ಪಿಂಗಾಣಿ ಸದ್ದು ಮಾಡಿತು.

"ತಲೆ ಕೆಟ್ಟಿದೆಯಾ ನಿನಗೆ?"

"ನಿಲ್ಲಿಸು. ಇಲ್ಲಾಂದ್ರೆ ಹೀಗೇ ಇಳಿದುಬಿಡ್ತೀನಿ."

ಅಷ್ಟರಲ್ಲಿ ಮುಂದೆ ಒಂದು ದೊಡ್ಡ ವ್ಯಾನು ಹೊರಟು ಜಾಗ ಖಾಲಿಯಾಯಿತು. ಆರ್ಮಿಂದು ಹಿಂದೆ ಮುಂದೆ ಮಾಡಿ, ಟ್ರೇಲರು ಸೊಟ್ಟಗಾಗಿ, ಮತ್ತೆ ನೆಟ್ಟಗಾಗಿ, ಅಂತೂ ನಿಲ್ಲಿಸಿದ. ಎಂಜಿನ್ ಆಫ್ ಆಯಿತು. ರಸ್ತೆ ದಾಟಿದರೆ ಒಂದು ಕಟ್ಟೆ, ಕಟ್ಟೆಯ ಆಚೆ ಮರಳು, ಅದರಾಚೆ ಅದು. ಕಿಟಕಿಯಿಂದ ಆ ವಾಸನೆ ಬಂತು.

ಇದಾಲಿನಾ ಸೀಟ್ ಬೆಲ್ಟ್ ಬಿಚ್ಚಿದಳು. ಬೆನ್ನನ್ನು ಸೀಟಿಗೆ ಒರಗಿಸಿದಳು.

"ನೀವು ಹೋಗ್ಬನ್ನಿ," ಎಂದಳು. "ನಾನಿಲ್ಲಿ ಇರ್ತೀನಿ."

ಅಭ್ಯಾಸದಿಂದ ಬಂದ ಮಾತು. ಹೇಳಿದ್ದು ಅವಳಿಗೇ ಗೊತ್ತಾಗಲಿಲ್ಲ. ಆರ್ಮಿಂದುವಿಗೂ ಗೊತ್ತಾಗಲಿಲ್ಲ. ಅವನು ಬಾಗಿಲು ತೆಗೆದು, ಮೈ ಮುರಿದು, ಕಾಫಿ ಎಲ್ಲಿ ಸಿಗುತ್ತದೆ ಎಂದು ಆ ಕಡೆ ಈ ಕಡೆ ನೋಡತೊಡಗಿದ್ದ.

"ಯಾರೇ ಸಮುದ್ರ ನೋಡ್ಬೇಕು ಅಂದವಳು?" ಎಂದು ಅವಳ ಮೇಲೆ ರೇಗಿದೆ. "ನಾನಾ? ಇಡೀ ಬೇಸಿಗೆ ನನ್ನ ತಲೆ ತಿಂದಿದ್ದು ನೀನು. ಇಳಿ ಕೆಳಗೆ. ಆರ್ಮಿಂದು, ನೀನು ಬಾ ಇಲ್ಲಿ, ಕೂತ್ಕೋ."

"ನಾನಾ?"

"ಮತ್ಯಾರು, ನಿಮ್ಮಜ್ಜನಾ?"

ಅವನು ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇಂಥದ್ದೊಂದು ಆಗಬಹುದೆಂದು ಅವನಿಗೆ ಯಾವತ್ತೂ ಹೊಳೆದೇ ಇರಲಿಲ್ಲ, ಅಷ್ಟೇ.

"ಹೋಗಿ, ಹೋಗಿ. ನಾನಿದೀನಿ," ಎಂದು ಮತ್ತೆ ಕೂತ.

ಟವೆಲು ಮೇಲ್ಗಡೆಯೇ ಇತ್ತು. ಅದನ್ನು ಎತ್ತಿಕೊಂಡು ಇಬ್ಬರೂ ರಸ್ತೆ ದಾಟಿದೆವು. ಇದಾಲಿನಾ ಕಟ್ಟೆಯವರೆಗೆ ಬಂದಳು. ಅಲ್ಲಿ ನಿಂತು ಬೆನ್ನು ಮಾಡಿದಳು. ಸಮುದ್ರಕ್ಕೆ. ಕಟ್ಟೆಗೆ ಒರಗಿ ಕಾರಿನ ಕಡೆ ಮುಖ ಮಾಡಿ ನಿಂತುಬಿಟ್ಟಳು.

"ಆ ಕಡೆ ಕಣೇ ಸಮುದ್ರ," ಎಂದೆ.

"ಗೊತ್ತು. ಒಂದು ನಿಮಿಷ. ಟ್ರೇಲರ್ ಹತ್ತಿರ ಇಬ್ಬರು ನಿಂತಿದಾರಲ್ಲ, ಯಾರವರು?"

"ಯಾರೋ ಗಂಡ ಹೆಂಡತಿ. ಐಸ್‌ಕ್ರೀಮ್ ತಿಂತಿದಾರೆ."

"ಹೂಂ. ಹೋಗ್ಲಿ ಅವರು."

ಅವರು ಹೋದರು. ಆಮೇಲೆ ಒಬ್ಬ ಹುಡುಗ ಸೈಕಲಿನಲ್ಲಿ ಬಂದ, ಅವನೂ ಹೋಗಲಿ ಎಂದಳು. ಆಮೇಲೆ ಇನ್ಯಾರೋ. ಬೀದಿ ತುಂಬ ಜನ, ಅವರೆಲ್ಲ ಮುಗಿಯುವುದೆಂದು? ಅವಳ ಬೆನ್ನ ಹಿಂದೆ ಅಷ್ಟು ದೊಡ್ಡ ನೀರು ಬಂದು ಬಂದು ಹೋಗುತ್ತಿತ್ತು, ಇವಳ ಕಣ್ಣು ನಮ್ಮ ಹಳೆಯ ಕಾರಿನ ಡಿಕ್ಕಿಯ ಮೇಲೆ. ನನಗೆ ಬೈಯಲೂ ಮನಸ್ಸಾಗಲಿಲ್ಲ. ಭುಜ ಹಿಡಿದು ತಿರುಗಿಸಿದೆ, ಚಪ್ಪಲಿ ಬಿಚ್ಚಿಸಿದೆ, ಕೈ ಹಿಡಿದುಕೊಂಡು ಮರಳಿಗೆ ಇಳಿಸಿದೆ. ಚಿಕ್ಕ ಮಕ್ಕಳನ್ನು ಶಾಲೆಗೆ ಎಳೆದುಕೊಂಡು ಹೋಗುವ ಹಾಗೆ.

ನೀರು ಕಾಲಿಗೆ ತಾಗಿತು. ಪಾದದ ಗಂಟು ನೆನೆಯಿತು. ಅವಳು ಏನೋ ಹೇಳುತ್ತಾಳೆ ಎಂದು ಕಾದೆ. ಮೆಲ್ಲಗೆ ಕತ್ತು ತಿರುಗಿಸಿ ಕಟ್ಟೆಯ ಕಡೆ ನೋಡಿದಳು. ಇಲ್ಲಿಂದ ಕಾರು ಕಾಣುತ್ತಿರಲಿಲ್ಲ.

"ಸಾಕು ಬೆಲ್ಮಿರಾ. ಹೋಗೋಣ," ಎಂದಳು. "ಕಾಲು ನೆನೆಯಿತಲ್ಲ."

ಇಷ್ಟಕ್ಕಾ ಎಂದು ಕೇಳಬೇಕೆನಿಸಿತು. ಆದರೆ ನನಗೂ ದಣಿವಾಗಿತ್ತು. ಮರಳು ಕೊಡವಿಕೊಂಡು ಕಟ್ಟೆ ಹತ್ತಿ ರಸ್ತೆ ದಾಟಿ ಕಾರಿನ ಹತ್ತಿರ ಬಂದೆವು.

ಆರ್ಮಿಂದು ನಿದ್ದೆ ಹೋಗಿದ್ದ. ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತ. ನಾಲ್ಕೂ ಕಿಟಕಿ ಕೆಳಗೆ. ಕೀಲಿ ಅದರ ಜಾಗದಲ್ಲೇ ನೇತಾಡುತ್ತಿತ್ತು. ಪಕ್ಕದ ಸೀಟಿನ ಮೇಲೆ ಇದಾಲಿನಾಳ ಕೈಚೀಲ, ಬಾಯಿ ತೆರೆದೇ ಇತ್ತು, ಒಳಗೆ ಅವಳ ತಾಯಿಯ ಚಿನ್ನದ ಸರದ ಡಬ್ಬಿ ಎದ್ದು ಕಾಣುತ್ತಿತ್ತು. ಜನ ಕಿಟಕಿಗೆ ಮೈ ತಾಗಿಸಿಕೊಂಡೇ ಹೋಗುತ್ತಿದ್ದರು ಬರುತ್ತಿದ್ದರು.

ಇದಾಲಿನಾ ಚೀಲ ನೋಡಿದಳು. ಡಬ್ಬಿ ತೆಗೆದು ನೋಡಿದಳು. ಟ್ರೇಲರಿನ ಸುತ್ತ ಹೋಗಿ ಹಗ್ಗದ ಪ್ರತಿ ಗಂಟನ್ನೂ ಮುಟ್ಟಿದಳು. ಒಂದು ಸೂಜಿಯೂ ಹೋಗಿರಲಿಲ್ಲ.

"ಏನೂ ಆಗಿಲ್ಲ," ಎಂದಳು.

"ದೇವರು ದೊಡ್ಡವನು," ಎಂದೆ. ಅವಳಿಗೆ ಸಮಾಧಾನವಾಯಿತೆಂದು ತಿಳಿದೆ. ಮುಖ ನೋಡಿದ ಮೇಲೆ ಅಲ್ಲವೆಂದು ಗೊತ್ತಾಯಿತು.

"ನಾನು ಇಲ್ಲದಿದ್ರೂ ಏನೂ ಆಗಿಲ್ಲ ಕಣೆ. ಅವನು ಮಲಗಿದ್ದಾನೆ. ನಾಲ್ಕೂ ಕಿಟಕಿ ತೆಗೆದಿದೆ. ಆದ್ರೂ ಏನೂ ಆಗಿಲ್ಲ." ಅವಳು ಬಾನೆಟ್ಟಿಗೆ ಒರಗಿದಳು. "ಇಷ್ಟು ವರ್ಷ ಒಂದು ಸಲವೂ ನಾನು ಯಾರ ಜೊತೆಗೂ ಇಳಿದಿಲ್ಲ. ಸಾಂಡ್ರಾ ಬಂಕಿನ ಜಾರುಬಂಡೆ ಮೇಲಿಂದ ನನ್ನ ಕರೀತಿತ್ತು, ಅಮ್ಮ ಬಾ ಅಂತ. ಇಲ್ಲಿಂದಲೇ ಕೈ ಆಡಿಸ್ತಿದ್ದೆ. ನಾನು ಇಳಿದಿದ್ರೂ ಏನೂ ಆಗ್ತಿರಲಿಲ್ಲ ಅಲ್ವಾ?"

ಆಗಬಹುದಿತ್ತು, ಯಾರು ಬಲ್ಲರು ಎನ್ನಬಹುದಿತ್ತು. ಸುಳ್ಳಾದರೂ ಅವಳಿಗೆ ಅದೇ ಬೇಕಿತ್ತೇನೋ. ಟವೆಲು ಮಡಚುತ್ತ ನಿಂತೆ.

ಅವಳು ಕಿಟಕಿಯೊಳಗೆ ಕೈ ಹಾಕಿ ಕೀಲಿ ಎಳೆದುಕೊಂಡಳು. ಆ ಸದ್ದಿಗೆ ಆರ್ಮಿಂದು ಎಚ್ಚೆತ್ತು ಬಾಯಿ ಒರೆಸಿಕೊಂಡ.

"ಆಯ್ತಾ? ಹೊರಡೋಣ. ಈಗ ಹೊರಟ್ರೆ ಸಂಜೆಯೊಳಗೆ ಬುರ್ಗೋಸ್ ದಾಟ್ಬಹುದು." ಅವನ ಕೈ ಕೀಲಿಗಾಗಿ ತಡಕಾಡಿತು. "ಕೀಲಿ ಎಲ್ಲಿ?"

"ನನ್ನ ಹತ್ತಿರ ಇದೆ," ಎಂದು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡಳು. ಸಿಟ್ಟಿನಿಂದಲ್ಲ, ತುಂಬ ಸುಸ್ತಾದವರು ಮಾತಾಡುವ ಹಾಗೆ ಹೇಳಿದಳು, "ನಾನಿನ್ನೂ ನೋಡಿಲ್ಲ ಆರ್ಮಿಂದು." ಚಪ್ಪಲಿಯನ್ನು ಕಾರಿನ ಪಕ್ಕದಲ್ಲೇ ಬಿಟ್ಟು ಬರಿಗಾಲಲ್ಲಿ ರಸ್ತೆ ದಾಟಿದಳು. ಕಟ್ಟೆಯಲ್ಲಿ ನಿಲ್ಲಲಿಲ್ಲ. ಮರಳಿಗೆ ಇಳಿದು, ನೀರಿಗೆ ಸ್ವಲ್ಪ ಈಚೆ ಕೂತಳು. ತಿರುಗಿ ನೋಡಲಿಲ್ಲ.

ಆರ್ಮಿಂದು ಇಳಿದು ಬಂದು ನನ್ನ ಪಕ್ಕ ನಿಂತ. ಕಾರಿನ ಬಾಗಿಲಿನ ಮೇಲೆ ಒಂದು ಕೈ.

"ಏನಂತೆ ಅವಳದ್ದು?"

"ಏನೂ ಇಲ್ಲ."

"ಎಷ್ಟೊತ್ತು ಕೂರ್ತಾಳಂತೆ?"

"ಹೇಳಿಲ್ಲ."

ಬಿಸಿಲು ಸ್ವಲ್ಪ ಓರೆಯಾಯಿತು. ಅವನು ಗಡಿಯಾರ ನೋಡಲಿಲ್ಲ, ಅದು ನನಗೆ ಆಶ್ಚರ್ಯ. ನಾವು ನಿಂತಲ್ಲಿಂದ ಕಟ್ಟೆಯ ಆಚೆ ಅವಳ ಕಪ್ಪು ಅಂಗಿ, ಗಂಟು ಹಾಕಿದ ನರೆಗೂದಲು ಮಾತ್ರ ಕಾಣುತ್ತಿತ್ತು. ಸುತ್ತ ಎಲ್ಲ ಜೋಡಿ ಜೋಡಿ, ಮಕ್ಕಳು ಮರಿ. ಅವಳೊಬ್ಬಳೇ ಕೂತಿದ್ದಳು.

"ಒಬ್ಬಳೇ ಕೂತಿದಾಳೆ," ಎಂದ ಅವನು. ಧ್ವನಿ ಸಣ್ಣದಾಗಿತ್ತು. "ಯಾರಾದ್ರೂ ಹೋಗಿ ಜೊತೇಲಿ ಕೂತ್ಕೋಬೇಕು ಪ್ರೀಮಾ."

"ನೀನೇ ಹೋಗು."

ಹೋಗಬೇಕೆಂದು ಅವನಿಗೆ ಇತ್ತು. ಒಂದು ಹೆಜ್ಜೆ ಮುಂದಿಟ್ಟದ್ದನ್ನು ನಾನು ನೋಡಿದೆ. ಆಮೇಲೆ ತಿರುಗಿ ಟಾರ್ಪಾಲನ್ನು ನೋಡಿದ, ನನ್ನನ್ನು ನೋಡಿದ.

"ಕಾರು?" ಎಂದ.

ನಾನಿದ್ದೇನೆ ಹೋಗು ಎಂದು ನಾನು ಹೇಳಲೆಂದು ಅವನು ಕಾದ, ಮತ್ತೆ ಬಾಗಿಲಿಗೆ ಒರಗಿ ನಿಂತುಕೊಂಡ.